ಭಾವನವರ ಅಂಕಣ, ಅಂಬಿಕಾಳ ಕಾಲು

ನೀಲಕಂಠ ಭಾವನವರು ನಡೆದದ್ದನ್ನು ಅಂಬಿಕಾ ಏಳು ವರ್ಷದಲ್ಲಿ ಎರಡೇ ಸಲ ನೋಡಿದ್ದಳು. ಒಮ್ಮೆ ತನ್ನ ಮದುವೆಯಲ್ಲಿ. ವರನ ಅಣ್ಣ ಅಂದಮೇಲೆ ಬ್ಯಾಂಡಿನ ಹಿಂದೆ ನಾಲ್ಕು ಹೆಜ್ಜೆ ಹಾಕದೆ ಗತಿ ಇರಲಿಲ್ಲ. ಇನ್ನೊಮ್ಮೆ ಶರಣಬಸವೇಶ್ವರ ಗುಡಿಯ ಹತ್ತಿರ ಕಾರು ನಿಲ್ಲಿಸಲು ಜಾಗ ಸಿಗದಾಗ. ಅವತ್ತು ಮನೆಗೆ ಬಂದು ಬಕೆಟ್ಟಿನಲ್ಲಿ ಬಿಸಿನೀರು ಹಾಕಿಸಿಕೊಂಡು ಕಾಲು ಇಳಿಬಿಟ್ಟು ಕೂತಿದ್ದರು. ಗಾಜಿಪುರ ಬಡಾವಣೆಯ ಮನೆ ಬಾಗಿಲಿಗೆ ಕಾರು ಬರುತ್ತಿತ್ತು, ಬ್ಯಾಂಕಿನ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಓಣಿಯ ತುದಿಯ ಅಂಗಡಿಯಿಂದ ಹಾಲು ತರಲಿಕ್ಕೂ ಅವರು ಯಾರದಾದರೂ ಸ್ಕೂಟರ್ ಕಾಯುತ್ತಿದ್ದರು.

ಅಂಥ ಭಾವನವರು ಪ್ರತಿ ಬುಧವಾರ ಪತ್ರಿಕೆಯೊಂದರಲ್ಲಿ 'ಭಾನುವಾರದ ಹೆಜ್ಜೆ' ಎಂಬ ಅಂಕಣ ಬರೆಯುತ್ತಿದ್ದರು. ವಾರವೆಲ್ಲ ದುಡಿದ ನೌಕರ ಭಾನುವಾರ ಹೊಲದ ಹಾದಿ ಹಿಡಿದು ಹೇಗೆ ಮನುಷ್ಯನಾಗುತ್ತಾನೆ ಎಂಬುದು ಅದರ ತಿರುಳು. ಮೇಲೆ ಅವರ ಫೋಟೋ, ತಲೆಗೊಂದು ಹುಲ್ಲಿನ ಟೊಪ್ಪಿಗೆ. ಟೊಪ್ಪಿಗೆಯ ಬೆಲೆಚೀಟಿ ಇನ್ನೂ ಒಳಗಡೆ ಹಾಗೇ ಇತ್ತು. ಅಂಬಿಕಾಗೆ ಗೊತ್ತು, ಅದನ್ನು ಝಾಡಿಸಿ ಗೂಟಕ್ಕೆ ಹಾಕುವವಳು ಅವಳೇ.

ಅಂಬಿಕಾ ಆ ಮನೆಯ ಕಿರಿಸೊಸೆ. ಗಂಡ ಶಿವಲಿಂಗನದು ಸುಪರ್ ಮಾರ್ಕೆಟ್ ಪೇಟೆಯಲ್ಲಿ ಫ್ರಿಜ್ ರಿಪೇರಿಯ ಅಂಗಡಿ. ಮಗಳಿಗೆ ಮುತ್ತಜ್ಜಿಯ ಹೆಸರೇ ಇಟ್ಟಿದ್ದರು, ಮಾನಮ್ಮ. ನಾಲ್ಕು ವರ್ಷದ ಪೋರಿಗೆ ಅಷ್ಟು ದೊಡ್ಡ ಹೆಸರು ಭಾರವೆಂದು ಎಲ್ಲರೂ ಮಾನಿ ಅನ್ನುತ್ತಿದ್ದರು. ಬೆಳಿಗ್ಗೆ ಐದೂವರೆಗೆ ಎದ್ದು, ಹನ್ನೆರಡು ರೊಟ್ಟಿ ತಟ್ಟಿ, ಅತ್ತೆ ಶಂಕ್ರಮ್ಮನ ಸಕ್ಕರೆ ಕಾಯಿಲೆಯ ಗುಳಿಗೆ ತಟ್ಟೆಯ ಅಂಚಿಗಿಟ್ಟು, ಮಾನಿಯ ಜಡೆ ಹಾಕಿ ಅಂಗನವಾಡಿಗೆ ಬಿಟ್ಟು, ಒಂಬತ್ತಕ್ಕೆ ಅಂಬಿಕಾ ಕಪನೂರ ಕಡೆಯ ಒಂದು ದಾಲ್ ಮಿಲ್ಲಿನಲ್ಲಿರುತ್ತಿದ್ದಳು. ಅಲ್ಲಿ ಲಾರಿ ತೂಗುವ ಕಾಟಾದ ಮುಂದೆ ಕಂಪ್ಯೂಟರ್ ಹಿಡಿದು ಕೂರುವ ಕೆಲಸ. ತುಂಬಿದ ಲಾರಿಯನ್ನು ಒಮ್ಮೆ ತೂಗಬೇಕು, ಖಾಲಿಯಾದ ಮೇಲೆ ಇನ್ನೊಮ್ಮೆ. ಎರಡರ ನಡುವೆ ಉಳಿದದ್ದು ತೊಗರಿ.

ಹಮಾಲರು ಚೀಲ ಇಳಿಸುವ ಆ ಮುಕ್ಕಾಲು ತಾಸು ಅವಳ ಬರೆಯುವ ಹೊತ್ತು. ಪ್ರಿಂಟರಿನಲ್ಲಿ ಸೊಟ್ಟಗೆ ಬಂದು ಕೆಟ್ಟ ತೂಕದ ಚೀಟಿಗಳ ಹಿಂಬದಿಯಲ್ಲಿ ಬರೆಯುತ್ತಿದ್ದಳು. ಬೆಳಗಾವಿಯ ಡ್ರೈವರ್ ಒಬ್ಬ ಕಿಟಕಿಯಲ್ಲಿ ಇಣುಕಿ, "ಏನ್ ಬರೀತೀರಿ ಅಕ್ಕಾರ, ನಮ್ಮ ಮ್ಯಾಲೆ ಕಂಪ್ಲೇಂಟಾ?" ಅಂತ ಕೇಳಿದರೆ, "ಹೌದ್ರಿ, ಬೀಡಿ ಸೇದಿ ಕಾಟಾದ ಮ್ಯಾಲೆ ಒಗೀತೀರಿ ಅಂತ" ಅನ್ನುತ್ತಿದ್ದಳು.

ಬರೆಯುತ್ತಿದ್ದದ್ದು ಭಾನುವಾರ ಕಂಡದ್ದನ್ನು. ಅದು ಕಮಲಾಪುರದ್ದು, ಅವಳ ತವರೂರಿನದು. ಆದರೆ ಅವಳು ತವರುಮನೆಗೆ ಹೋಗುತ್ತಿರಲಿಲ್ಲ. ಅಲ್ಲಿಗೆ ಹೋದರೆ ಅಣ್ಣನ ಹೆಂಡತಿ ಬಾಯಿತುಂಬ ಮಾತಾಡಿ, ಕೈತುಂಬ ಉಳ್ಳಾಗಡ್ಡಿ ಕೊಟ್ಟು, ಇಡೀ ದಿನ ಒಲೆಯ ಮುಂದೆ ಕೂರಿಸುತ್ತಿದ್ದಳು. ಅಂಬಿಕಾಗೆ ಬೇಕಾಗಿದ್ದದ್ದು ಎರಡು ತಾಸು. ಊರ ಹೊರಗೆ ಹುಮನಾಬಾದ್ ರಸ್ತೆಯ ಧಾಬಾದ ಹತ್ತಿರ ಇಳಿದು, ಹೊಲದ ಬದುವಿನ ಮೇಲೆ ಕೆಂಪು ಬಾಳೆಯ ತೋಟಗಳವರೆಗೆ ಹೋಗಿ ಹೊರಳಿ ಬರುವುದು. ಯಾರೂ ನೀರು ಕೇಳುವುದಿಲ್ಲ, ಯಾರೂ ಅವ್ವಾ ಅನ್ನುವುದಿಲ್ಲ. ಆ ಎರಡು ತಾಸು ಇಲ್ಲದ ವಾರ ಚೀಟಿಯ ಹಿಂಬದಿ ಖಾಲಿಯೇ ಉಳಿಯುತ್ತಿತ್ತು. ಅವಳ ಮಾತೂ ಹರಿತವಾಗುತ್ತಿತ್ತು, ಸುಮ್ಮಸುಮ್ಮನೆ ಮಾನಿಗೆ ಬೈಯುತ್ತಿದ್ದಳು. ಅದಕ್ಕೇ ಆ ಎರಡು ತಾಸನ್ನು ಅವಳು ಬಂಗಾರಕ್ಕಿಂತ ಹೆಚ್ಚು ಜೋಪಾನ ಮಾಡುತ್ತಿದ್ದಳು.

ಆದರೆ ಅದರ ಕೀಲಿ ಭಾವನವರ ಕೈಯಲ್ಲಿತ್ತು.

"ಸೊಸಿ ಒಬ್ಬಾಕಿನೇ ಹೊಲ ಸುತ್ತಾಕ ಹೋಗ್ತಾಳಂದ್ರ ಮಂದಿ ಏನಂತಾರ? ಏನ್ ಕಳಕೊಂಡಾಳಂತ ಅಲ್ಲಿ?" ಅಂತ ಶಂಕ್ರಮ್ಮ ಮೊದಲೇ ಅಂದಿದ್ದಳು. ಆಗ ಭಾವನವರು ಅಡ್ಡಬಂದು, "ಇರಲಿ ಬಿಡವ್ವ, ನಾವೇ ಕಾರಿನಾಗ ಕರ್ಕೊಂಡು ಹೋಗ್ತೀವಿ. ನನ್ನ ಬರವಣಿಗಿಗೂ ಒಂದೀಟು ಸಹಾಯ ಆಗ್ತದ" ಅಂದರು. ಹಿರಿಯ ಮಗನ ಕಾರು ಅಂದಮೇಲೆ ಮುದುಕಿಯ ಬಾಯಿ ಮುಚ್ಚಿತು. ಮಾನಿಯನ್ನೂ ನೋಡಿಕೊಳ್ಳಲು ಒಪ್ಪಿದಳು.

ಅಂಬಿಕಾ ಭಾವನವರ ದೊಡ್ಡ ಮನಸ್ಸಿಗೆ ಮೂರು ವಾರ ಕೈಮುಗಿದಳು. ನಾಲ್ಕನೇ ವಾರ ಪತ್ರಿಕೆ ಓದಿದಳು.

ಆಗುತ್ತಿದ್ದದ್ದು ಇಷ್ಟು. ಧಾಬಾದಲ್ಲಿ ಭಾವನವರು ಹೊರಸಿನ ಮೇಲೆ ಕಾಲು ಚಾಚಿ ಚಾ ಕುಡಿಯುತ್ತ ಮೊಬೈಲ್ ನೋಡುತ್ತಿದ್ದರು. ಹೆಂಡತಿ ಸುನಂದಾ ಮಿರ್ಚಿ ಭಜಿ ತಿನ್ನುತ್ತಿದ್ದಳು. ಎರಡು ತಾಸಿನ ಮೇಲೆ ಅಂಬಿಕಾ ಸೀರೆಯ ಅಂಚಿಗೆಲ್ಲ ಕೆಂಪು ಮಣ್ಣು ಮೆತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತರೆ, ಕಾರು ಹೊರಟ ಕೂಡಲೇ ಮುಂದಿನಿಂದ ದನಿ ಬರುತ್ತಿತ್ತು.

"ಹೂಂ, ಹೇಳವಾ ಅಂಬಿಕಾ. ಏನೇನ್ ನೋಡಿದಿ ಇವತ್ತ?"

"ಏನಿಲ್ರಿ ಭಾವಾರ. ಇಮಾಮುದ್ದೀನ್ ಕಾಕಾನ ತೋಟದಾಗ ಬಾಳಿಗೊನಿಗೆ ಬಿಸಲು ಹತ್ತಬಾರದಂತ ಹಳೇ ಸೀರಿ ಕಟ್ಟ್ಯಾರ. ಒಂದು ಸೀರಿಗೆ ಇನ್ನೂ ಅರಿಷಿಣದ ಕಲಿ ಅದ. ಯಾರ ಮದುವಿದೋ ಏನೋ."

"ವಾ. ಆಮ್ಯಾಲೆ?"

"ತೊಗರಿ ಕೊಯ್ದ ಹೊಲದಾಗ ಮುದುಕಿ ಒಬ್ಬಾಕಿ ಕೂಳಿ ಕೀಳಾಕತ್ತಿದ್ಲು, ಒಲಿಗೆ. ಎರಡು ಕಿತ್ತರ ಒಮ್ಮಿ ನಿಂತು ಸೊಂಟ ನೆಟ್ಟಗ ಮಾಡ್ಕೊಂತಿದ್ಲು. ಮೂರನೇ ಸಲ ನಿಲ್ಲಲಿಲ್ಲ, ಕುಂತೇಬಿಟ್ಲು."

ಬುಧವಾರದ ಪತ್ರಿಕೆಯಲ್ಲಿ ಅದೇ ಸೀರೆ ಹೀಗಾಗಿತ್ತು: 'ಪ್ರಕೃತಿಮಾತೆ ನವವಧುವಾಗಿ ಅರಿಶಿನದ ಸೀರೆಯುಟ್ಟು ನನ್ನನ್ನು ಸ್ವಾಗತಿಸಿದಳು.' ಮುದುಕಿ ಇನ್ನೂ ಕೆಟ್ಟದಾಗಿದ್ದಳು. ಅವಳು ಭಾವನವರನ್ನು ಕಂಡು ಬೊಚ್ಚುಬಾಯಿ ಅಗಲಿಸಿ ನಕ್ಕು, 'ದುಡಿಮೆಯೇ ದೇವರಪ್ಪಾ' ಅಂದಿದ್ದಳು. ಆ ಮುದುಕಿ ಅಂಬಿಕಾಳ ಜೊತೆ ಒಂದು ಮಾತೂ ಆಡಿರಲಿಲ್ಲ. ನೀರಿನ ಬಾಟಲಿ ಕೊಟ್ಟರೆ ಕುಡಿದು, ಮುಚ್ಚಳ ಹಾಕದೆ ವಾಪಸ್ ಕೊಟ್ಟಿದ್ದಳು, ಅಷ್ಟೇ.

ಅಂಬಿಕಾಗೆ ಮೊದಲು ಸಿಟ್ಟು ಬಂತು, ಆಮೇಲೆ ಹೇಸಿಕೆ ಬಂತು. ಕದ್ದವರು ಇದ್ದಂತೆ ಇಟ್ಟುಕೊಂಡಿದ್ದರೂ ನಡೆಯುತ್ತಿತ್ತು. ಇವರು ಕದ್ದು, ಕದ್ದದ್ದಕ್ಕೆ ಗಿಲೀಟು ಬೇರೆ ಹಾಕುತ್ತಿದ್ದರು. ಅಡುಗೆಮನೆಯಲ್ಲಿ ಪತ್ರಿಕೆ ಹಿಡಿದು ನಿಂತವಳನ್ನು ಕಂಡು ಸುನಂದಾ, "ಏನ್ ಓದಾಕತ್ತಿ, ನಿಮ್ಮ ಭಾವನ ನಡಿಗಿ? ಅವರು ಅಷ್ಟು ನಡದಿದ್ರ ನಾ ಯಾಕ ತಿಂಗಳಾ ಬಿಪಿ ಗುಳಿಗಿ ತರಿಸ್ತಿದ್ದೆ?" ಅಂದು ಕೊತ್ತಂಬರಿ ಸೋಸತೊಡಗಿದಳು. ಗಂಡನ ಬಗ್ಗೆ ಅವಳಿಗೆ ಭ್ರಮೆ ಯಾವುದೂ ಇರಲಿಲ್ಲ. ಹಾಗಂತ ಅವರ ಎದುರು ಬಾಯಿ ತೆರೆದದ್ದೂ ಇರಲಿಲ್ಲ. ಮಿರ್ಚಿ ಭಜಿ ವಾರವಾರ ಸಿಗುತ್ತಿತ್ತು.

ಶಿವಲಿಂಗನಿಗೆ ಹೇಳಿದರೆ ಅವನು ಸ್ಕ್ರೂ ಡ್ರೈವರ್ ಒರೆಸುತ್ತ, "ನಿನಗ ನಡಿಯೋದು ಬೇಕೋ, ಹೆಸರು ಬೇಕೋ? ಎರಡೂ ಒಮ್ಮಿಗೇ ಅಂದ್ರ ಹೆಂಗ?" ಅಂದ. ಅವನ ಮಾತಿನಲ್ಲಿ ಕೆಟ್ಟತನ ಇರಲಿಲ್ಲ, ಫ್ರಿಜ್ಜಿನಲ್ಲಿ ಗ್ಯಾಸ್ ಇಲ್ಲವೋ ಕಂಪ್ರೆಸರ್ ಹೋಗಿದೆಯೋ ಎಂದು ಕೇಳುವ ದನಿಯಲ್ಲೇ ಕೇಳಿದ್ದ. ಅಂಬಿಕಾ ಲೆಕ್ಕ ಹಾಕಿದಳು. ಜಗಳ ತೆಗೆದರೆ ಕಾರಿಲ್ಲ, ಕಾರಿಲ್ಲದಿದ್ದರೆ ಅತ್ತೆಯ ಒಪ್ಪಿಗೆ ಇಲ್ಲ, ಒಪ್ಪಿಗೆ ಇಲ್ಲದಿದ್ದರೆ ಎರಡು ತಾಸಿಲ್ಲ. ಸುಮ್ಮನಾದಳು. ಸುಮ್ಮನಾದದ್ದಕ್ಕೆ ತನ್ನ ಮೇಲೂ ಅವಳಿಗೆ ಸಣ್ಣ ತಾತ್ಸಾರ ಹುಟ್ಟಿತು. ಅದನ್ನೂ ಒಂದು ಚೀಟಿಯ ಹಿಂದೆ ಬರೆದಿಟ್ಟಳು.

ವರ್ಷ ತುಂಬಿತು. ಜನವರಿಯಲ್ಲಿ ಭಾವನವರು ಅಂಕಣಗಳನ್ನೆಲ್ಲ ಪುಸ್ತಕ ಮಾಡುತ್ತೇನೆಂದು ಕತ್ತರಿಸಿದ ಪತ್ರಿಕೆಗಳ ಕಟ್ಟನ್ನು ತಂದು ಅವಳ ಮುಂದಿಟ್ಟರು. "ನೀ ಹೆಂಗೂ ಕಂಪ್ಯೂಟರ್ ಮುಂದೇ ಇರ್ತಿ. ಲಾರಿ ಇಲ್ಲದಾಗ ಸುಮ್ಮ ಕೂಡೋ ಬದಲಿ ಟೈಪ್ ಮಾಡಿಬಿಡು" ಅಂದರು. ಜನವರಿಯಲ್ಲಿ ಲಾರಿ ಇಲ್ಲದ ಹೊತ್ತೇ ಇರುವುದಿಲ್ಲ. ತೊಗರಿ ಬರುವ ಕಾಲ. ಕಾಟಾದ ಮುಂದೆ ಹೆದ್ದಾರಿಯವರೆಗೆ ಸಾಲು. ಆದರೂ ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ರೊಟ್ಟಿ ಹಿಡಿದು, ತನ್ನದೇ ಕಣ್ಣು ಕಂಡದ್ದನ್ನು ಭಾವನವರ ಮಾತಿನಲ್ಲಿ ಅಂಬಿಕಾ ಟೈಪ್ ಮಾಡಿದಳು. ನವವಧುವನ್ನೂ ಮಾಡಿದಳು. ಬೊಚ್ಚುಬಾಯಿಯನ್ನೂ ಮಾಡಿದಳು.

ಕೊನೆಯ ಲೇಖನ ಪತ್ರಿಕೆಯಲ್ಲಿ ಬಂದದ್ದಲ್ಲ, ಪುಸ್ತಕಕ್ಕೆಂದೇ ಕೈಯಿಂದ ಬರೆದದ್ದು. ಅದನ್ನು ಬರೆಯಬೇಕಿದ್ದ ಭಾನುವಾರ ಮಾನಿಗೆ ಜ್ವರ ಬಂದು ಅಂಬಿಕಾ ಎಲ್ಲಿಗೂ ಹೋಗಿರಲಿಲ್ಲ. ಹೇಳುವವರಿಲ್ಲದೆ ಭಾವನವರು ಸ್ವಂತ ತಲೆ ಓಡಿಸಿದ್ದರು: 'ಕಮಲಾಪುರದ ಹೆಮ್ಮೆಯ ಕೆಂಬಾಳೆ! ಗೊನೆಯಲ್ಲಿ ಕೆಂಪಗೆ ಮಾಗಿ ನಗುತ್ತಿದ್ದ ಹಣ್ಣೊಂದನ್ನು ಗಿಡದಿಂದಲೇ ಕಿತ್ತು ಸುಲಿದು ಬಾಯಿಗಿಟ್ಟೆ. ಜೇನು ಸುರಿಯಿತು.'

ಅಂಬಿಕಾಳ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

ಕಮಲಾಪುರದ ಬಾಳೆ ಕಾಯಿದ್ದಾಗಲೇ ಕೆಂಪು. ಎಳೆಯದಿದ್ದಾಗ ಇನ್ನೂ ಗಾಢ, ಬದನೆಯ ಬಣ್ಣಕ್ಕೆ ಹತ್ತಿರ. ಗೊನೆ ಕಡಿದು ತಂದು, ಕತ್ತಲೆ ಕೋಣೆಯಲ್ಲಿ ಹುಲ್ಲು ಹಾಸಿ ಮುಚ್ಚಿಟ್ಟು ದಿನಗಳಾದ ಮೇಲೆ ಅದು ಹಣ್ಣಾಗುತ್ತದೆ, ಆಗ ಕೆಂಪು ತಿಳಿಯಾಗಿ ಮೇಲೊಂದು ಹಳದಿ ಛಾಯೆ ಬರುತ್ತದೆ. ಗಿಡದಲ್ಲಿದ್ದದ್ದನ್ನು ಕಿತ್ತು ಕಚ್ಚಿದರೆ ಬಾಯಿತುಂಬ ಒಗರು, ಸೊನೆ ತಾಗಿದ ಬಟ್ಟೆ ಜನ್ಮದಲ್ಲಿ ಬೆಳ್ಳಗಾಗುವುದಿಲ್ಲ. ಕೆಂಪು ಕಂಡರೆ ಹಣ್ಣು ಅಂದುಕೊಳ್ಳುವುದು ಹೆದ್ದಾರಿಯಲ್ಲಿ ಕಾರಿನ ಗಾಜಿನೊಳಗಿಂದ ತೋಟ ನೋಡುವವರು ಮಾತ್ರ. ಅಲ್ಲಿನ ಮೂರು ವರ್ಷದ ಕೂಸಿಗೂ ಇದು ಗೊತ್ತು.

ತಿದ್ದಲು ಅವಳ ಬೆರಳು ಹೋಯಿತು. ನಾಲ್ಕು ಪದ ಅಳಿಸಿ ನಾಲ್ಕು ಪದ ಹಾಕಿದರೆ ಮುಗಿಯುತ್ತಿತ್ತು, ವರ್ಷವಿಡೀ ಅವರು ಕಾಣದ್ದನ್ನು ತುಂಬಿಕೊಟ್ಟದ್ದು ಅವಳೇ ತಾನೇ. ಹೊರಗೆ ಲಾರಿಯವನು ಹಾರ್ನ್ ಹೊಡೆದ. ಎದ್ದು ಹೋಗಿ ತೂಗಿ ಬಂದಳು. ಕೂತು ಇನ್ನೊಮ್ಮೆ ಓದಿದಳು. 'ಜೇನು ಸುರಿಯಿತು' ಎಂಬಲ್ಲಿ ಒಂದು ಆಶ್ಚರ್ಯಸೂಚಕ ಬಿಟ್ಟುಹೋಗಿತ್ತು. ಮೊದಲ ವಾಕ್ಯಕ್ಕಿದ್ದದ್ದು ಇದಕ್ಕೂ ಇರಲಿ ಎಂದು ಅದನ್ನು ಹಾಕಿ, ಕೈತೊಳೆದುಕೊಂಡಳು.

ಪುಸ್ತಕ ಬಿಡುಗಡೆ ಫೆಬ್ರುವರಿಯ ಒಂದು ಭಾನುವಾರ, ಜಗತ್ ಸರ್ಕಲ್ ಕಡೆಯ ಸಭಾಂಗಣದಲ್ಲಿ. ವೇದಿಕೆಯ ಮೇಲೆ ಒಬ್ಬ ರೈತ ಇದ್ದರೆ ಚೆನ್ನಾಗಿರುತ್ತದೆ, ಶಾಲು ಹೊದಿಸೋಣ ಎಂದು ಭಾವನವರಿಗೆ ಅನಿಸಿತ್ತು. ಅವರಿಗೆ ರೈತರು ಯಾರೂ ಗೊತ್ತಿರಲಿಲ್ಲ. ಅಂಬಿಕಾಳೇ ಫೋನ್ ಮಾಡಿ ಇಮಾಮುದ್ದೀನ್ ಕಾಕಾನನ್ನು ಕರೆಸಿದಳು.

ಭಾವನವರು ಮುಕ್ಕಾಲು ತಾಸು ಮಾತಾಡಿದರು. ನೌಕರಿ, ಬರವಣಿಗೆ, ನಡಿಗೆ ಮೂರನ್ನೂ ಒಂದೇ ವಾರದಲ್ಲಿ ತೂಗಿಸುವುದು ಹೇಗೆಂದು ಬೆರಳು ಮಡಚಿ ತೋರಿಸಿದರು. "ಬೆಳಗಿನ ಐದಕ್ಕೆ ಏಳುತ್ತೇನೆ" ಅಂದರು. ಮೂರನೇ ಸಾಲಿನಲ್ಲಿ ಅಂಬಿಕಾಳ ಪಕ್ಕ ಕೂತಿದ್ದ ಸುನಂದಾ ತಗ್ಗಿದ ದನಿಯಲ್ಲಿ, "ಏಳ್ತಾರ, ಸುಳ್ಳಲ್ಲ. ನೀರು ಕುಡದು ಮತ್ತ ಮಲ್ಕೊಂತಾರ" ಅಂದಳು. ಕೊನೆಗೆ ಭಾವನವರು ರೈತಮಿತ್ರನ ಗೌರವಕ್ಕೆಂದು ಕೆಂಬಾಳೆಯ ಪುಟವನ್ನೇ ಎತ್ತಿ ಓದಿದರು. ಜೇನು ಸುರಿಯಿತು. ಚಪ್ಪಾಳೆ ಬಿತ್ತು.

ಶಾಲು ಹೊದ್ದ ಇಮಾಮುದ್ದೀನ್ ಕಾಕಾಗೆ ಎರಡು ಮಾತಾಡಿರೆಂದು ಮೈಕು ಕೊಟ್ಟರು. ಅವರು ಮೈಕನ್ನು ಟಾರ್ಚಿನಂತೆ ಹಿಡಿದುಕೊಂಡರು.

"ಸಾಹೇಬ್ರು ಭಾಳ ಛಲೋ ಓದಿದ್ರು. ಖರೆ, ಒಂದು ಬಾತ್ ಅದರಿ. ನಮ್ಮ ಬಾಳಿ ಕಾಯಿ ಇದ್ದಾಗೇ ಕೆಂಪಿರ್ತದ. ಗಿಡದ ಮ್ಯಾಲಿಂದ ಕಿತ್ತು ತಿಂದ್ರ ನಾಲ್ಗಿ ಹಿಡೀತದ, ದಿನವೆಲ್ಲ ಜುಬಾನ್ ಬಂದ್. ಸಾಹೇಬ್ರು ಅದನ್ನ ತಿಂದು ಮುಕ್ಕಾಲು ತಾಸು ಮಾತಾಡ್ಯಾರಂದ್ರ ಕಮಾಲ್ ಅದ."

ಅವರು ಹಂಗಿಸಲು ಹೇಳಿದ್ದಲ್ಲ, ನಿಜವಾಗಿಯೂ ಬೆರಗಿನಿಂದ ಹೇಳಿದ್ದು. ಅದಕ್ಕೇ ಸಭೆ ಇನ್ನಷ್ಟು ನಕ್ಕಿತು. ಹಿಂದಿನ ಸಾಲಿನ ಬ್ಯಾಂಕಿನವರು ಕುರ್ಚಿ ಬಡಿದು ನಕ್ಕರು.

ಭಾವನವರೂ ನಕ್ಕರು. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕಳೆದವರು, ತಪ್ಪನ್ನು ಕೆಳಗಿನ ಮೇಜಿಗೆ ದಾಟಿಸುವುದನ್ನು ಯಾರೂ ಅವರಿಗೆ ಕಲಿಸಬೇಕಾಗಿರಲಿಲ್ಲ. ಮೈಕು ತೆಗೆದುಕೊಂಡು, "ಕ್ಷಮಿಸಿ, ಇದು ಟೈಪಿಂಗ್‌ನಲ್ಲಿ ಆದ ತಪ್ಪು. ಮನೆಯ ಹೆಣ್ಣುಮಕ್ಕಳೂ ಕಲಿಯಲಿ ಅಂತ ಕೊಟ್ಟಿದ್ದೆ. ನಮ್ಮ ತಮ್ಮನ ಹೆಂಡತಿ, ಅಲ್ಲೇ ಕೂತಿದ್ದಾಳೆ ನೋಡಿ. ಏನೋ ಅವಸರದಲ್ಲಿ ಏನೇನೋ ಸೇರಿಸಿಬಿಟ್ಟಿದ್ದಾಳೆ" ಎಂದು ಉದಾರವಾಗಿ ಕೈಚಾಚಿ ತೋರಿಸಿದರು.

ಸಭೆ ಹೊರಳಿ ನೋಡಿತು. ಅಂಬಿಕಾಳ ತೊಡೆಯ ಮೇಲೆ ಮಾನಿ ಬಿಸ್ಕಿಟ್ ತಿನ್ನುತ್ತಿದ್ದಳು. ಇಮಾಮುದ್ದೀನ್ ಕಾಕಾ ಕಣ್ಣು ಕಿರಿದು ಮಾಡಿ ನೋಡಿ, ಮೈಕಿಲ್ಲದೆಯೇ ಕೇಳಿದರು.

"ಅರೆ ಬೇಟಿ, ಟೈಪ್ ಮಾಡಿದಾಕಿ ನೀನಾ? ವಾರವಾರ ನಮ್ಮ ತೋಟದಾಗ ಬರ್ತಿ. ನನ್ನ ಕೈಲೇ ಹಣ್ಣಿನ ಕ್ವಾಣಿ ಬಾಗಲಾ ತೆರಿಸಿ ನೋಡಿದಾಕಿ. ಈ ಸಾಹೇಬ್ರನ್ನ ನಾ ಇವತ್ತೇ ನೋಡಾಕತ್ತೀನಿ, ಅವರಿಗೆ ಗೊತ್ತಿಲ್ಲ ಅಂದ್ರ ನಡೀತದ. ನಿನಗ ಗೊತ್ತಿರಲಿಲ್ಲೇನು?"

ಹೂಂ ಕಾಕಾ, ತಪ್ಪಾಯ್ತು ಅಂದರೆ ಕಾರು ಉಳಿಯುತ್ತಿತ್ತು. ಮುಂದಿನ ಭಾನುವಾರವೂ ಉಳಿಯುತ್ತಿತ್ತು. ಆದರೆ ಮುಂದಿನ ಭಾನುವಾರ ಆ ತೋಟಕ್ಕೆ ಯಾವ ಮುಖ ಹೊತ್ತು ಹೋಗುವುದು? ವರ್ಷವಿಡೀ ಕಣ್ಣಿದ್ದೂ ಕಾಣದೆ ಅಡ್ಡಾಡಿದಳು ಅಂತ ಕಾಕಾ ಅಂದುಕೊಂಡ ಮೇಲೆ ಆ ನಡಿಗೆಗೆ ಏನರ್ಥ? ಮಾನಿಯನ್ನು ಸುನಂದಾಳ ತೊಡೆಗೆ ದಾಟಿಸಿ ಅಂಬಿಕಾ ಎದ್ದು ನಿಂತಳು.

"ಗೊತ್ತಿತ್ರಿ ಕಾಕಾ. ಟೈಪ್ ಮಾಡುವಾಗೂ ಗೊತ್ತಿತ್ತು. ಬೇಕಂತೇ ಬಿಟ್ಟೀನಿ." ಡ್ರೈವರುಗಳ ಜೊತೆ ಮಾತಾಡಿ ಪಳಗಿದ ದನಿ. "ಈ ಪುಸ್ತಕದಾಗ ಭಾವಾರು ತಾವೇ ಸ್ವಂತ ಬರದದ್ದು ಅದೊಂದೇ ಪುಟ. ಅದರಾಗ ನಾ ಕೈ ಹಾಕಬಾರದು ಅನ್ನಿಸ್ತು."

ಯಾರೂ ನಗಲಿಲ್ಲ. ಸುನಂದಾ ಮಾನಿಯ ತುಟಿ ಒರೆಸುವುದರಲ್ಲಿ ಬಹಳ ಮಗ್ನಳಾದಳು.

ಮನೆಯಲ್ಲಿ ಭಾವನವರು ಅಂಬಿಕಾಳಿಗೆ ನೇರವಾಗಿ ಏನೂ ಅನ್ನಲಿಲ್ಲ, ಗೋಡೆಗೆ ಹೇಳಿದರು. ಉಪಕಾರ ಮಾಡಿದವರಿಗೆ ಈ ಕಾಲದಲ್ಲಿ ಸಿಗುವುದು ಇದೇ ಎಂದು ಗೋಡೆಗೆ ಮೂರು ದಿನ ಹೇಳಿದರು. ಶಿವಲಿಂಗ, "ಅಷ್ಟು ಮಂದಿ ಮುಂದ ಬೇಕಿತ್ತೇನು?" ಅಂದ. "ಅಷ್ಟು ಮಂದಿ ಮುಂದ ಅವರಂದ್ರಲ್ಲ" ಅಂದಳು. ಅವನು "ಅದೂ ಖರೇನೇ" ಎಂದು ಊಟಕ್ಕೆ ಕೂತ. ಆ ಬುಧವಾರದ ಅಂಕಣಕ್ಕೆ ಶೀರ್ಷಿಕೆ 'ಒಳಗಿನ ನಡಿಗೆ' ಎಂದಿತ್ತು. ನಿಜವಾದ ಪಯಣಿಗನಿಗೆ ಹೊಲವೂ ಬೇಕಿಲ್ಲ, ಹಾದಿಯೂ ಬೇಕಿಲ್ಲ, ಕೂತಲ್ಲೇ ಮನಸ್ಸಿನೊಳಗೆ ನಡೆಯಬಹುದು ಎಂದು ಭಾವನವರು ಅದರಲ್ಲಿ ತಿಳಿಸಿದ್ದರು. ವರ್ಷದಲ್ಲಿ ಅವರು ಬರೆದ ಮೊದಲ ಸತ್ಯ ಅದು ಎಂದು ಅಂಬಿಕಾಗೆ ಅನಿಸಿತು.

ಶನಿವಾರ ಸಂಜೆ ಶಂಕ್ರಮ್ಮ ಬಾಗಿಲಲ್ಲಿ ಕೂತು ಕಡ್ಡಿ ಮುರಿದಂತೆ ಹೇಳಿದಳು. "ಇನ್ನ ಹೊಲ ಗಿಲ ಎಲ್ಲಾ ಬಂದ್. ಮಾನೀನ್ನ ಹಿಡಕೊಂಡು ಕೂಡೂದು ನನ್ನಿಂದ ಆಗಂಗಿಲ್ಲ."

"ಮಾನೀನ್ನ ನಾನೇ ಕರ್ಕೊಂಡು ಹೋಗ್ತೀನ್ರಿ ಅತ್ತೀ. ಬಸ್ಸಿಗೆ. ಹೆಣ್ಣುಮಕ್ಕಳಿಗೆ ಟಿಕೀಟು ಪುಕ್ಕಟ ಅದ, ಆಧಾರ್ ಕಾರ್ಡ್ ತೋರಿಸಿದ್ರ ಆಯ್ತು."

"ಮಂದಿ ಏನಂತಾರ?"

"ತಾಯಿ ಮಗಳು ಬಸ್ಸಿನಾಗ ಹೊಂಟಾರ ಅಂತಾರ."

ಶಂಕ್ರಮ್ಮ ಎದ್ದು ಒಳಗೆ ಹೋದಳು. ಬೆಳಿಗ್ಗೆ ಅವರು ಹೊರಟಾಗ, "ಬಿಸಲು ಭಾಳ ಅದ, ಕೂಸಿನ ತಲಿಗೆ ಏನರೆ ಕಟ್ಟು" ಎಂದು ಒಳಗಿನಿಂದಲೇ ಅಂದಳು. ಅಂಬಿಕಾ ಅದನ್ನೇ ಒಪ್ಪಿಗೆ ಅಂದುಕೊಂಡಳು.

ಮಗು ಜೊತೆಗಿದ್ದರೆ ಎರಡು ತಾಸು ಎರಡು ತಾಸಾಗಿ ಉಳಿಯುವುದಿಲ್ಲ. ಬಸ್ಸಿನಲ್ಲಿ ಸೀಟಿಲ್ಲ, ಧಾಬಾದ ಹತ್ತಿರ ಬಸ್ ನಿಲ್ಲಿಸುವುದಿಲ್ಲ. ಇಳಿದು ಹಿಂದಕ್ಕೆ ನಡೆಯುವಾಗಲೇ ಮಾನಿಗೆ ನೀರಡಿಕೆ, ಮುಂದೆ ಹೋದರೆ ಚಪ್ಪಲಿಯಲ್ಲಿ ಕಲ್ಲು. ತೋಟಗಳವರೆಗೆ ಹೋಗಲಾಗಲೇ ಇಲ್ಲ. ಮೊದಲನೇ ಬದುವಿನಲ್ಲೇ ಮಾನಿ ಕುಕ್ಕರಗಾಲಲ್ಲಿ ಕೂತು, ಇರುವೆ ಸಾಲಿಗೆ ಅಡ್ಡ ಕಡ್ಡಿ ಇಟ್ಟು, ಅವು ಏನು ಮಾಡುತ್ತವೆಂದು ನೋಡತೊಡಗಿದಳು. "ನಡಿಯವ್ವಾ" ಅಂದರೆ, "ತಡಿ, ಅವಕ್ಕ ಹಾದಿ ಸಿಗವಲ್ದು" ಅಂದಳು. ಅಂಬಿಕಾ ನಿಂತಳು. ನಿಂತಲ್ಲಿಂದಲೇ ಒಂದು ಖಾಲಿ ಹೊಲ, ಒಂದು ಬೇವು, ಬೇವಿನ ಕೆಳಗೆ ಬುತ್ತಿ ಬಿಚ್ಚಿ ಒಬ್ಬರಿಗೊಬ್ಬರು ಮಾತಾಡದೆ ಉಣ್ಣುತ್ತಿದ್ದ ಗಂಡಹೆಂಡತಿ ಕಂಡರು. ಉಂಡಾದ ಮೇಲೆ ಹೆಂಡತಿ ಗಂಡನ ಬೆನ್ನಿಗೆ ಹತ್ತಿದ್ದ ಹೊಟ್ಟನ್ನು ಕೊಡವಿದಳು. ಅವನು ಹೊರಳಿ ನೋಡಲಿಲ್ಲ.

ಮರಳುವ ಬಸ್ಸಿನಲ್ಲಿ ಮಾನಿ ನಿದ್ದೆ ಹೋದಳು, ಅಂಬಿಕಾಳ ಬಲಗೈ ಆ ಪುಟ್ಟ ತಲೆಯ ಕೆಳಗೆ ಸಿಕ್ಕಿಕೊಂಡಿತು. ಬರೆಯುವಂತಿರಲಿಲ್ಲ. ಆರು ಸಾಲು ಮನಸ್ಸಿನಲ್ಲೇ ಕಟ್ಟಿ, ಮರೆಯಬಾರದೆಂದು ಕಪನೂರು ದಾಟಿ ಗಾಜಿಪುರ ಮುಟ್ಟುವವರೆಗೂ ಬಾಯೊಳಗೇ ಹೇಳಿಕೊಂಡಳು. ಮನೆಗೆ ಬಂದರೆ ಬಟ್ಟೆ ಒಗೆಯುವುದಿತ್ತು, ಹಿಟ್ಟು ಬೀಸಿಸುವುದಿತ್ತು. ಸೋಮವಾರ ಮೊದಲ ಲಾರಿ ಕಾಟಾ ಏರುವ ಮೊದಲು ಚೀಟಿ ಹೊರಳಿಸಿ ಬರೆಯಲು ಕೂತಾಗ ಆರರಲ್ಲಿ ನಾಲ್ಕು ಸಾಲು ಮಾತ್ರ ಉಳಿದಿದ್ದವು. ಆ ನಾಲ್ಕನ್ನು ಬರೆದು, ಕೆಳಗೆ ತನ್ನ ಹೆಸರು ಹಾಕಿ, ಲಾರಿಯವನಿಗೆ ಮುಂದೆ ಬಾ ಎಂದು ಕೈ ಮಾಡಿದಳು.